ಗಂಗವ್ವನ ಬಾಯಾರಿಕೆ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಪೂಜೆಯ ತಾಮ್ರದ ಸಾಮಾನೆಲ್ಲ ಹಿತ್ತಲಿಗೆ ಇಳಿಯುತ್ತದೆ. ನೆನೆಸಿದ ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು, ತೆಂಗಿನ ನಾರು. ಮೊನ್ನೆ ಹಾಗೇ ಕೂತು ತಿಕ್ಕುವಾಗ ಅತ್ತೆಯವರ ಲಿಂಗಪೂಜೆಯ ತಟ್ಟೆ ಕೈಗೆ ಬಂತು. ಊಟದ ತಟ್ಟೆಗಿಂತ ಚಿಕ್ಕದು, ಒಂದು ಕಡೆ ಅಂಚು ಬಾಗಿದೆ. ಹುಳಿ ಹತ್ತಿ ಅದು ಕೆಂಪಗಾಗುತ್ತಿದ್ದಂತೆ ಒದ್ದೆ ತಾಮ್ರದ ವಾಸನೆ ಎದ್ದಿತು. ನನ್ನ ಕೈ ನಿಂತಿತು. ಆ ವರ್ಷ ಗಂಗವ್ವನ ಉಸಿರಿನಲ್ಲೂ ಇದೇ ವಾಸನೆ ಇತ್ತು.

ಗಂಗವ್ವ ನಮ್ಮ ಬೆಕ್ಕು. ಕಂಪ್ಲಿ ನನ್ನ ತವರು. ಬಾಣಂತನ ಮುಗಿಸಿಕೊಂಡು ಹೊಸಪೇಟೆಗೆ ಹೊರಟ ದಿನ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಈ ಮರಿ ತೊಯ್ದು ನಡುಗುತ್ತ ಕೂತಿತ್ತು. ಬಿಟ್ಟು ಬರಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿ ಮಗಳು, ಕಾಲ ಬಳಿ ಬುಟ್ಟಿ. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಅತ್ತೆ ಬುಟ್ಟಿಯೊಳಗೆ ಇಣುಕಿ, “ಒಂದು ಹಡೆದು ಬಾ ಅಂತ ಕಳಿಸಿದ್ರ ಎರಡು ತಂದೀಯಲ್ಲವಾ ಗಿರಿಜಾ!” ಎಂದರು. ಆಮೇಲೆ ಇಬ್ಬರಿಗೂ ಬೆಳಗಿದರು. ನೀರಿನ ದಂಡೆಗೆ ಸಿಕ್ಕವಳೆಂದು ಆ ಹೆಸರಿಟ್ಟವರೂ ಅವರೇ.

ನಾನು ಹೇಳುತ್ತಿರುವ ವರ್ಷ ಆ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಗಂಗವ್ವನಿಗೂ ಅವಳಷ್ಟೇ ವಯಸ್ಸು, ಹದಿನಾಲ್ಕು. ಅದು ಅದಿರಿನ ಲಾರಿಗಳ ಕಾಲ. ನಮ್ಮ ಮನೆ ಸಂಡೂರಿಗೆ ಹೋಗುವ ರಸ್ತೆಯಿಂದ ಎರಡು ಓಣಿ ಒಳಗೆ ಇದ್ದರೂ ಕಿಟಕಿಯ ಗಾಜು ಸದಾ ನಡುಗುತ್ತಿತ್ತು. ಒಗೆದು ಹಾಕಿದ ಬಿಳಿ ಪಂಚೆ ಒಣಗುವುದರೊಳಗೆ ಕಾವಿಯಾಗುತ್ತಿತ್ತು. “ನನ್ನ ಮಗನ್ನ ಸ್ವಾಮಿ ಮಾಡಾಕ ಹೊಂಟಾರ ನೋಡು ಈ ಲಾರಿಯವ್ರು” ಎಂದು ಅತ್ತೆ ಗೊಣಗುತ್ತಿದ್ದರು. ಅವರ ಮಗ, ಅಂದರೆ ನಮ್ಮ ಯಜಮಾನರು, ತೋರಣಗಲ್ಲಿನ ಹತ್ತಿರ ಲಾರಿ ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದರು. ಮನೆಗೆ ಬಂದು ಮುಖ ತೊಳೆದರೆ ಮೊದಲ ತಂಬಿಗೆಯ ನೀರು ಕುಂಕುಮ ಕಲಸಿದಂತೆ ಹರಿಯುತ್ತಿತ್ತು.

ಧೂಳಿಗೆ ನಾವು ಹೆಂಗಸರು ಕಂಡುಕೊಂಡಿದ್ದು ಒಂದೇ ಉಪಾಯ, ಮುಚ್ಚಳ. ಕೊಡಕ್ಕೆ ಮುಚ್ಚಳ, ಹಂಡೆಗೆ ಮುಚ್ಚಳ, ಹಾಲಿಗೆ, ಹಿಟ್ಟಿಗೆ, ಕೊನೆಗೆ ಕುಡಿಯುವ ಲೋಟಕ್ಕೂ ಮುಚ್ಚಳ. ಮುಚ್ಚಿಡದ ಮನೆಯವಳು ಹೊಲಸು ಹೆಂಗಸು ಎಂದೇ ಓಣಿಯಲ್ಲಿ ಲೆಕ್ಕ. ನಾನು ಆ ಲೆಕ್ಕದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪು ಅಲ್ಲೇ ಶುರುವಾಯಿತು.

ಆಗ ನಮ್ಮಲ್ಲಿ ಐದು ಬೆಕ್ಕುಗಳು. ಸಾಕಿದ್ದು ಒಂದೇ. ಮಿಕ್ಕ ನಾಲ್ಕು ಆ ಕಾಲವೇ ತಂದು ಬಿಟ್ಟವು. ಜಾಗಕ್ಕೆ ಬೆಲೆ ಬಂತೆಂದು ಓಣಿಯವರು ಒಬ್ಬೊಬ್ಬರಾಗಿ ಮನೆ ಮಾರಿದರು. ಮಂಚ, ಕಪಾಟು, ತುಳಸಿಕಟ್ಟೆ ಸಹ ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದರು, ಬೆಕ್ಕನ್ನು ಮಾತ್ರ ಬಿಟ್ಟು ಹೋದರು. ಅದರಲ್ಲೊಂದು ದೊಡ್ಡ ತಲೆಯ ಗಂಡು. ಅತ್ತೆ ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದರು. ತನ್ನ ತಟ್ಟೆ ಮುಗಿಸಿ ಪಕ್ಕದ ತಟ್ಟೆಗೆ ತಲೆ ಹಾಕುವವನು.

ಐದಕ್ಕೂ ಹಿತ್ತಲಲ್ಲಿ ಸಾಲಾಗಿ ಐದು ತಟ್ಟೆ. ಬೆಳಿಗ್ಗೆ ಹಾಲು ಅನ್ನ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ ಅನ್ನ. ನಮ್ಮದು ಶಿವಭಕ್ತರ ಮನೆ, ಅತ್ತೆಯವರಂತೂ ದಿನಕ್ಕೆರಡು ಹೊತ್ತು ಲಿಂಗಪೂಜೆ ಬಿಟ್ಟವರಲ್ಲ. ಸಾಲಿನಲ್ಲಿ ಕೂತವರಿಗೆಲ್ಲ ಒಂದೇ ಊಟ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸಿದರೆ ಅದು ಪಂಕ್ತಿಭೇದ, ಮಹಾಪಾಪ. ಅವರ ಮಟ್ಟಿಗೆ ಬೆಕ್ಕಿನ ಸಾಲೂ ಪಂಕ್ತಿಯೇ.

ಸಂಕ್ರಾಂತಿಯ ಹೊತ್ತಿಗೆ ಗಂಗವ್ವ ಹಾಸಿಗೆ ಒದ್ದೆ ಮಾಡತೊಡಗಿದಳು. ಹದಿನಾಲ್ಕು ವರ್ಷ ಹಿತ್ತಲಿಗೆ ಹೋಗಿ ಮಣ್ಣು ಮುಚ್ಚಿ ಬಂದವಳು ಈಗ ಕೌದಿಯ ಮೇಲೆ, ಮಗಳ ಶಾಲೆಯ ಚೀಲದ ಮೇಲೆ. ಕೌದಿ ಒಗೆದು ಒಗೆದು ನನ್ನ ರಟ್ಟೆ ಸೋತವು. ನೀರು ಜಾಸ್ತಿ ಕುಡಿಯುತ್ತಾಳೆ, ಅದಕ್ಕೇ ಹೀಗೆ ಎಂದುಕೊಂಡೆ. ಬೆಕ್ಕುಗಳಿಗೆಂದು ಹಿತ್ತಲಲ್ಲಿ ನೀರು ತುಂಬಿಟ್ಟಿದ್ದ ಕಲ್ಲಿನ ದೋಣಿಯ ಮೇಲೆ ಒಂದು ಹಲಗೆ ಎಳೆದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯುವುದು. ಧೂಳೂ ಬೀಳುವುದಿಲ್ಲ, ಕೌದಿಯೂ ಉಳಿಯುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಅದಾದ ವಾರದಲ್ಲೇ ಗಂಗವ್ವ ಪೂಜೆಗೆ ಬರಲು ಶುರು ಮಾಡಿದಳು.

ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ನೀರೆರೆದರೆ ಅದು ಬೆರಳ ಸಂದಿಯಿಂದ ಈ ತಾಮ್ರದ ತಟ್ಟೆಗೆ ಇಳಿಯುತ್ತದೆ. ಪಾದೋದಕ ತೆಗೆದುಕೊಂಡು ಉಳಿದ ನೀರನ್ನು ಹಿತ್ತಲಿನ ಕಣಗಿಲೆ ಗಿಡಕ್ಕೆ ಹಾಕುವುದು ವಾಡಿಕೆ. ಒಂದು ದಿನ ಅವರು ಕಣ್ಣು ತೆರೆದಾಗ ಗಂಗವ್ವ ಎದುರಿಗೆ ಕೂತು ತಟ್ಟೆಯ ನೀರನ್ನು ಸದ್ದಿಲ್ಲದೆ ನೆಕ್ಕುತ್ತಿದ್ದಳಂತೆ. ಮೊದಲ ದಿನ ಗದರಿಸಿದರು. ಮರುದಿನವೂ ಬಂದಳು. ಮೂರನೆಯ ದಿನ ಗಂಟೆ ಬಾರಿಸುವ ಮೊದಲೇ ಬಂದು ಕೂತಿದ್ದಳು.

“ಗಿರಿಜಾ, ಜಲ್ದಿ ಬಾರವಾ ಇಲ್ಲಿ!” ಅತ್ತೆ ದೇವರ ಕೋಣೆಯಿಂದ ಕೂಗಿದರು. “ನೋಡು, ಹೆಂಗ ಕುಂತಾಳ. ಹಿಂದಿನ ಜಲಮದಾಗ ಇಕಿ ಯಾವ ಶರಣಿನೋ ಏನೋ.”

ನನಗೂ ಮೈ ಜುಂ ಎಂದಿತು. ಸುಳ್ಳು ಯಾಕೆ ಹೇಳಲಿ? ಸೆರಗು ಹೊದ್ದು ಕೈ ಮುಗಿದೆ.

ಮಾತು ಓಣಿಯಲ್ಲಿ ಹರಡಿತು. ಸೋಮವಾರ ಬೆಳಿಗ್ಗೆ ನಾಲ್ಕೈದು ಮಂದಿ ಹೆಂಗಸರು ನೋಡಲು ಬರತೊಡಗಿದರು. ಒಬ್ಬರು ಗಂಗವ್ವನ ಮುಂದೆ ಹೂವಿಟ್ಟರು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ತಟ್ಟೆ ಬರಿದಾಗುವವರೆಗೆ ನೆಕ್ಕಿ, ಬರಿದಾದ ಮೇಲೂ ತಾಮ್ರವನ್ನೇ ನೆಕ್ಕುತ್ತಿದ್ದಳು. ಅದನ್ನೂ ನಾವು ಭಕ್ತಿ ಎಂದೇ ಓದಿಕೊಂಡೆವು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಪಕ್ಕದ ಮನೆಯ ಮಾಬೂಬಿ ಗೋಡೆಯಾಚೆಯಿಂದ ಕರೆದಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು, ಬಾಯಿ ಜೋರು, ಮನಸ್ಸು ಬೆಣ್ಣೆ.

“ಅಕ್ಕಾ, ನಿಮ್ಮ ಶರಣಿ ನಮ್ಮ ಮನ್ಯಾಗ ಏನ್ ಮಾಡ್ತಾಳ ಗೊತ್ತೈತೇನು? ನಾ ಬಟ್ಟಿ ನೆನಿ ಇಟ್ಟ ಬಕೀಟಿನಾಗ ಮುಖ ಹಾಕಿ ಸೋಪಿನ ನೀರು ಕುಡೀತಾಳ.”

“ಸೋಪಿನ ನೀರ?”

“ಹೂನಕ್ಕಾ. ಅಲ್ಲಿ ಯಾವ ದೇವ್ರು ಐತಿ ಹೇಳ್ರಿ?” ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಅಬ್ಬಾಗ ಸಕ್ರಿ ಜಡ್ಡು ಬಂದಾಗ ಹಿಂಗಽ ಕೊಡಗಟ್ಲೆ ಕುಡೀತಿದ್ದ. ಬೆನ್ನು ನೋಡ್ರಿ ಆಕೀದು, ಎಲುಬು ಎಣಿಸಬಹುದು. ಡಾಕ್ಟರಿಗೆ ತೋರಸ್ರಿ ಅಕ್ಕಾ.”

ಮರುದಿನ ಯಜಮಾನರು ರಜೆ ಹಾಕಿ ಸ್ಕೂಟರ್ ತೆಗೆದರು. ನಾನು ಹಿಂದೆ, ಮಡಿಲಲ್ಲಿ ಕೈಚೀಲ, ಚೀಲದಿಂದ ಗಂಗವ್ವನ ತಲೆ ಮಾತ್ರ ಹೊರಗೆ. ಲಾರಿಗಳ ಸಾಲು ಸರಿಯುವವರೆಗೆ ಮುಕ್ಕಾಲು ತಾಸು ರಸ್ತೆಯ ಅಂಚಲ್ಲೇ ನಿಂತೆವು. ಪಶು ಆಸ್ಪತ್ರೆಯಲ್ಲಿ ಎಮ್ಮೆ, ಎತ್ತು, ಆಡುಗಳ ನಡುವೆ ನಮ್ಮದೊಂದು ಚೀಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಬಾಯಿ ತೆರೆದು ಮೂಸಿದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ದಿನದ ಮೇಲೆ ಹೋದಾಗ ಕೂರಿಸಿಕೊಂಡು ಹೇಳಿದರು.

“ಯವ್ವಾ, ಕಿಡ್ನಿ ಮುಕ್ಕಾಲು ಹೋಗ್ಯಾವ. ಅವು ವಾಪಸ್ ಬರಂಗಿಲ್ಲ. ಉಳಿದಿದ್ದನ್ನ ಕಾಯ್ಕೋಬೇಕು, ಅಷ್ಟ. ಉಪ್ಪು ಬ್ಯಾಡ, ಹಾಲು ಬ್ಯಾಡ. ಮೆತ್ತಗ ಬೇಯಿಸಿದ ನುಚ್ಚು, ಒಂಚೂರು ತುಪ್ಪ, ತತ್ತಿಯೊಳಗಿನ ಬಿಳೇದು.”

“ಸಿಕ್ಕಾಪಟ್ಟೆ ನೀರು ಕುಡೀತಾಳ್ರಿ” ಎಂದೆ.

“ಕುಡೀಲೇಬೇಕಲ್ಲವಾ! ಕಿಡ್ನಿಗೆ ನೀರು ಹಿಡಿದಿಡಾಕ ಆಗವಲ್ದು, ಎಲ್ಲಾ ಹೊರಗ ಹೋಗತೈತಿ. ಆಕಿ ಕುಡಿಯೋದು ಚಟಕ್ಕಲ್ಲ, ಜೀವಕ್ಕ. ಏನ್ ತಪ್ಪಿದ್ರೂ ತಪ್ಪಲಿ, ನೀರು ಮಾತ್ರ ತಡೀಬ್ಯಾಡ್ರಿ.”

ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಹಿತ್ತಲಿನ ಹಲಗೆ. ಒಂದೂವರೆ ತಿಂಗಳು. ಮನೆ ತುಂಬ ನೀರಿಟ್ಟು, ಎಲ್ಲಕ್ಕೂ ಮುಚ್ಚಳ ಹಾಕಿ, ಆ ಜೀವವನ್ನು ಬಾಯಾರಿಸಿದ್ದೆ. ಇಡೀ ಮನೆಯಲ್ಲಿ ಮುಚ್ಚಳವಿಲ್ಲದ ನೀರು ಒಂದೇ ಇತ್ತು, ಲಿಂಗದ ಮೇಲಿಂದ ಇಳಿದದ್ದು. ಅದನ್ನು ಹುಡುಕಿಕೊಂಡು ಬಂದವಳ ಮುಂದೆ ನಾನು ಕೈ ಮುಗಿದು ನಿಂತಿದ್ದೆ.

ಮನೆಗೆ ಬಂದು ಮೊದಲು ಹಲಗೆ ಎಳೆದು ಬಿಸಾಕಿದೆ. ಅಡಿಗೆಮನೆಯಲ್ಲಿ, ಪಡಸಾಲೆಯಲ್ಲಿ, ನೀರೊಲೆಯ ಪಕ್ಕದಲ್ಲಿ ಬಟ್ಟಲು ಇಟ್ಟೆ, ಒಟ್ಟು ಏಳು. ಆಮೇಲೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, “ನೀ ಮುಚ್ಚಿದಿ. ನಾ ಅದನ್ನ ಓಣಿ ತುಂಬ ಡಂಗುರ ಹೊಡದೆ. ಇಬ್ಬರದೂ ಸಮ ಆತು ಬಿಡು” ಎಂದರು.

ಸೋಮವಾರ ಹೆಂಗಸರು ಬಂದರು. ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು, “ಭಕ್ತಿ ಅಲ್ರವಾ ಅದು, ಜಡ್ಡು. ಮನ್ಯಾಗ ಎಲ್ಲಾ ಕಡೆ ನೀರು ಮುಚ್ಚಿದ್ವಿ, ಅದಕ್ಕ ಬರ್ತಿದ್ಲು. ಕೈ ಮುಗಿಯೋದಿದ್ರ ನಿಮ್ಮ ಮನ್ಯಾಗಿನ ಬೆಕ್ಕಿಗೆ ಒಂದು ಬಟ್ಟಲ ನೀರಿಟ್ಟು ಮುಗೀರಿ.” ಒಬ್ಬರು ಮುಖ ಸೊಟ್ಟ ಮಾಡಿ ಹೋದರು. ಅರವತ್ತೆಂಟರ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ‘ನಾನು ತಪ್ಪಿದೆ’ ಎನ್ನುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಏನಾದರೂ ನೆವ ಹೇಳಿ ಕಳಿಸುತ್ತಿದ್ದೆ.

ನೀರಿನದು ಸರಿಹೋಯಿತು. ಊಟದ್ದು ಸರಿಹೋಗಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ನನ್ನ ಅಣ್ಣ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ನುಚ್ಚು ಕಳಿಸಿದ. ಗಂಜಿಯಂತೆ ಬೇಯಿಸಿ ಅವಳ ತಟ್ಟೆಗೆ ಹಾಕಿದರೆ ಅತ್ತೆ ತಡೆದರು. “ಸಾಲಿನಾಗ ಕುಂಡ್ರಿಸಿ ಆಕಿಗೊಂದು, ಇವಕೊಂದು? ಪಂಕ್ತಿಭೇದ ಮಾಡ್ಬ್ಯಾಡವಾ.” ನನಗೂ ಅಳುಕು. ಹುಟ್ಟಿದಾಗಿನಿಂದ ಕೇಳಿದ ಮಾತು. ಹೋಗಲಿ ಎಂದು ಐದಕ್ಕೂ ಸಪ್ಪೆ ನುಚ್ಚನ್ನೇ ಹಾಕಿದೆ. ನಾಲ್ಕು ಬೆಕ್ಕುಗಳು ಮೂಸಿ ನೋಡಿ ನನ್ನ ಮುಖ ನೋಡಿದವು. ಸಾಹುಕಾರನಂತೂ ತಟ್ಟೆಯ ಸುತ್ತ ಮಣ್ಣು ಕೆದರಿ ಮುಚ್ಚುವ ಶಾಸ್ತ್ರ ಮಾಡಿದ. ಸಂಜೆಗೆ ಮಾಬೂಬಿಯ ಅಡಿಗೆಮನೆಯಿಂದ ಮೀನು ಕದ್ದು ತಂದ. ಅವುಗಳ ಹಸಿವಿಗೆ ಸೋತು ಮತ್ತೆ ಮಜ್ಜಿಗೆ ಅನ್ನ ಹಾಕಿದರೆ ಗಂಗವ್ವ ತನ್ನದನ್ನು ಬಿಟ್ಟು ಅವುಗಳದಕ್ಕೆ ಬಾಯಿ ಹಾಕುವಳು. ಅವಳಿಗೆ ಬೇಕಾದದ್ದು ಉಪ್ಪು. ಕೋಣೆಯಲ್ಲಿ ಒಬ್ಬಳನ್ನೇ ಕೂಡಿ ಹಾಕಿದರೆ ಬಾಗಿಲು ಕೆರೆದು ಅಳುವಳು, ಒಂದು ಅಗುಳೂ ಮುಟ್ಟಳು.

ಯಜಮಾನರು ಒಮ್ಮೆ ತಮಾಷೆಗೆ, “ನಮ್ಮ ಕಾಟಾದಾಗ ನಿಲ್ಲಿಸಿದ್ರ ಇಕಿ ತೂಕ ಸೊನ್ನೆ ಬರ್ತೈತಿ. ಹತ್ತು ಕಿಲೋಕ್ಕಿಂತ ಕಡಿಮಿ ಅದಕ್ಕ ಕಾಣಂಗಿಲ್ಲ” ಎಂದರು. ಹೇಳಿದ ಮೇಲೆ ಅವರಿಗೇ ಕೆಡುಕೆನಿಸಿ ಎದ್ದು ಹೊರಗೆ ಹೋದರು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಎರಡು ಕಿಲೋ ತುಂಬಲು ಒಂದು ಮುಷ್ಟಿ ಬೇಳೆ ಹಾಕಬೇಕಾಯಿತು.

ಆ ಮಧ್ಯಾಹ್ನ ಅತ್ತೆ ತಮ್ಮ ಊಟದ ತಟ್ಟೆ ಎತ್ತಿಕೊಂಡು ಕೋಣೆಗೆ ಹೊರಟರು. ಅವರಿಗೆ ಬಿ.ಪಿ. ಇತ್ತು. ಉಪ್ಪಿಲ್ಲದ ಊಟ ಎಂದು ನಾನು ಬಡಿಸುತ್ತಿದ್ದೆ, ಸೆರಗಿನ ಮರೆಯಲ್ಲಿ ಉಪ್ಪಿನಕಾಯಿ ಹೋಳು ಒಯ್ಯುತ್ತಿದ್ದರು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

“ಆಕೀ ತಟ್ಟೀನೂ ತೊಗೊಂಡ್ ಬಾ. ಬಾಗಿಲು ಮುಚ್ಚು.”

“ಯಾಕ್ರಿ ಅತ್ತಿ?”

“ಆಕೀದು ಸಪ್ಪಿ, ನಂದೂ ಸಪ್ಪಿ. ಇನ್ನ ಮ್ಯಾಲೆ ಆಕಿ ನನ್ನ ಪಂಕ್ತಿ.”

ಅವರ ಪಕ್ಕ ಕೂತು ಗಂಗವ್ವ ತಿಂದಳು. ಪೂರ್ತಿಯಲ್ಲ, ಅರ್ಧ. ಆದರೆ ಅಳಲಿಲ್ಲ. ಅತ್ತೆ ಒಂದು ತುತ್ತು ತಾವು ಉಂಡು, “ಹೂಂ, ನಿಂದು” ಎನ್ನುವರು, ಅವಳೊಂದು ಬಾಯಿ ನೆಕ್ಕುವಳು. ಹೊರಗೆ ಸಾಹುಕಾರ ಬಾಗಿಲು ಗುದ್ದುತ್ತಿದ್ದ. ಆ ದಿನದಿಂದ ಭರಣಿಯ ಉಪ್ಪಿನಕಾಯಿ ಕಡಿಮೆಯಾಗುವುದೂ ನಿಂತಿತು. ಕೇಳಿದ್ದಕ್ಕೆ, “ನಾ ತಿಂದ್ರ ಆಕಿಗೂ ಹಾಕ್ಬೇಕಾಗ್ತೈತಿ, ಪಂಕ್ತಿ ಅಲ್ಲೇನು?” ಎಂದರು. ಎರಡು ತಿಂಗಳಲ್ಲಿ ಅತ್ತೆಯ ಬಿ.ಪಿ. ಇಳಿಯಿತು. ದೇವರು ಕೊಟ್ಟಿದ್ದನ್ನು ಬೆರಳು ಮಡಿಚಿ ಎಣಿಸುವ ಅಭ್ಯಾಸ ನನಗೆ. ಅದನ್ನೂ ಎಣಿಸಿಕೊಂಡೆ.

ತತ್ತಿಯ ವಿಷಯ ಮಾಬೂಬಿಯದಾಯಿತು. ನಮ್ಮ ಹೊಸ್ತಿಲೊಳಗೆ ಅದು ಬರುವಂತಿಲ್ಲ. ಅವಳೇ ಕುದಿಸಿ, ಹಳದಿಯನ್ನು ತಾನು ತಿಂದು, ಬಿಳಿಯದನ್ನು ಚೂರು ಮಾಡಿ ಗೋಡೆಯ ಮೇಲೆ ಇಡುತ್ತಿದ್ದಳು. ದಿನಾ ಹತ್ತು ಗಂಟೆಗೆ ಗಂಗವ್ವ ಮೆಲ್ಲಗೆ ಆ ಕಡೆ ನಡೆಯುವಳು.

“ಎಲ್ಲಿಗೆ ಹೊಂಟಾಳ ಆಕಿ?” ಅತ್ತೆ ಜಪಮಾಲೆಯಿಂದ ತಲೆ ಎತ್ತದೆ ಕೇಳುವರು.

“ಮಾಬೂಬಿ ಮನಿಗ್ರಿ.”

“ಹೊಲಿಗಿ ಕಲಿಯಾಕ ಇರಬೇಕು. ಹೋಗ್ಲಿ ಬಿಡು. ನಾವೇನು ಆಕಿಗೆ ಲಿಂಗ ಕಟ್ಟಿಲ್ಲಲ್ಲ.”

ಎರಡು ದಿನಕ್ಕೊಮ್ಮೆ ಚರ್ಮದ ಕೆಳಗೆ ಸಲೈನ್ ಹಾಕುವುದನ್ನು ಡಾಕ್ಟರು ನನಗೆ ಕಲಿಸಿದರು. ಯಜಮಾನರು ಬಾಟಲಿ ಎತ್ತಿ ಹಿಡಿದು ನಿಲ್ಲುವರು, ನಾನು ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚುವಾಗ ಪಂಚಾಕ್ಷರಿ ಹೇಳಿಕೊಳ್ಳುವೆ. ಮೊದಲ ಸಲ ನನ್ನ ಬೆರಳಿಗೇ ಚುಚ್ಚಿಕೊಂಡೆ. ಗಂಗವ್ವ ಒಮ್ಮೆಯೂ ಉಗುರು ಬಿಡಲಿಲ್ಲ. ಬಾಯಾರಿಸಿದ ಕೈಯೇ ನೀರು ಕೊಡುತ್ತಿದೆ ಎಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ನನಗಂತೂ ತಿಳಿದಿತ್ತು.

ಬೆಳಗಿನ ಪೂಜೆಗೆ ಮಾತ್ರ ಅವಳು ಬರುವುದು ನಿಲ್ಲಲಿಲ್ಲ. ವಿಭೂತಿಯ ನೀರು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅತ್ತೆ ವಿಭೂತಿ ಧರಿಸುವ ಮೊದಲೇ ತಂಬಿಗೆಯ ಬರಿ ನೀರನ್ನು ತಟ್ಟೆಗೆ ಬಗ್ಗಿಸಿ ಅವಳ ಮುಂದಿಟ್ಟು, ತಮಗೆ ಬೇರೊಂದು ತಟ್ಟೆ ಇಟ್ಟುಕೊಂಡರು. “ಇಲ್ಲೇ ಕುಡಿದು ರೂಢಿ ಆಗೇತಿ ಆಕಿಗೆ, ಕುಡೀಲಿ” ಎನ್ನುವರು, ಅಷ್ಟೇ. ಶರಣಿ ಗಿರಣಿ ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಕತ್ತು ಎತ್ತುವುದು ಅವಳಿಗೆ ಕಷ್ಟವಾದಾಗ ಯಜಮಾನರು ಇಕ್ಕಳ ತಂದು ತಟ್ಟೆಯ ಒಂದು ಅಂಚನ್ನು ಕೆಳಗೆ ಬಾಗಿಸಿದರು. ಪೂಜೆಯ ಸಾಮಾನಿಗೆ ಇಕ್ಕಳ ಹಾಕಿದರೂ ಅತ್ತೆ ಬೇಡವೆನ್ನಲಿಲ್ಲ.

ಹಾಗೆ ಬೇಸಿಗೆ ದಾಟಿತು. ಡಾಕ್ಟರು ಯುಗಾದಿವರೆಗೆ ಉಳಿದರೆ ಹೆಚ್ಚು ಎಂದಿದ್ದರು. ಮಳೆ ಬಂತು, ಧೂಳು ಕೆಸರಾಯಿತು, ಓಣಿಯ ಬೇವಿನ ಮರ ಎಷ್ಟೋ ತಿಂಗಳ ಮೇಲೆ ಹಸಿರಾಗಿ ಕಂಡಿತು. ಗಂಗವ್ವ ಕಿಟಕಿಯಲ್ಲಿ ಕೂತು ಮಳೆ ನೋಡಿದಳು. ಒಂದು ದಿನ ಸಾಹುಕಾರನ ಮೂತಿಗೆ ಪಂಜದಿಂದ ಬಾರಿಸಿದಳು, ಮನೆಮಂದಿಯೆಲ್ಲ ಹಬ್ಬದಂತೆ ನಕ್ಕೆವು. ಅದನ್ನೂ ಎಣಿಸಿದೆ.

ಶ್ರಾವಣದಲ್ಲಿ ಇಳಿತ ಶುರುವಾಯಿತು. ಮೊದಲು ತತ್ತಿ ಬಿಟ್ಟಳು. ಮಾಬೂಬಿ ಗೋಡೆಯ ಮೇಲಿನ ಬಟ್ಟಲನ್ನು ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು. ಆಮೇಲೆ ನುಚ್ಚು. ಅತ್ತೆ ಬೆರಳಿಗೆ ತುಪ್ಪ ಹಚ್ಚಿ ತುಟಿಗೆ ಸವರಿದರೆ ಮುಖ ತಿರುಗಿಸುವಳು. “ಉಣ್ಣವಾ, ಒಂದು ತುತ್ತು. ನಾ ಕಾಯಾಕತ್ತೀನಿ ನೋಡು” ಎಂದು ತಮ್ಮ ತಟ್ಟೆಯನ್ನೂ ಮುಟ್ಟದೆ ಕೂರುತ್ತಿದ್ದರು. ಡಾಕ್ಟರು ನೋಡಿ, “ಇನ್ನ ಸೂಜಿ ಬ್ಯಾಡವಾ. ಆಕಿಗೆ ಸಾಕಾಗೈತಿ” ಎಂದರು. ಆಮೇಲೆ ಎರಡು ದಿನ ನೀರನ್ನೂ ಮುಟ್ಟಲಿಲ್ಲ. ಒಲೆಯ ಪಕ್ಕ ಗೋಣಿತಾಟಿನ ಮೇಲೆ ಮಲಗಿದ್ದಳು. ಮನೆಯಲ್ಲಿ ಏಳು ಬಟ್ಟಲು, ಏಳೂ ತುಂಬಿದ್ದವು.

ಮೂರನೆಯ ಸೋಮವಾರ ಬೆಳಿಗ್ಗೆ ಅತ್ತೆ ಗಂಟೆ ಬಾರಿಸಿದರು. ನಾನು ಅಡಿಗೆಮನೆಯಲ್ಲಿದ್ದೆ. ಗಂಗವ್ವ ಎದ್ದಳು. ಹಿಂಗಾಲು ಎಳೆಯುತ್ತ, ಗೋಡೆಗೆ ಮೈ ಆನಿಸುತ್ತ ಹೊರಟಳು. ಎತ್ತಿಕೊಳ್ಳಲು ಬಗ್ಗಿದೆ, ಯಾಕೋ ಕೈ ಹಿಂದೆ ತೆಗೆದೆ. ಒಂದು ಬಟ್ಟಲು ದಾಟಿದಳು, ಎರಡನೆಯದು ದಾಟಿದಳು, ಪಡಸಾಲೆಯದನ್ನೂ ದಾಟಿ ದೇವರ ಕೋಣೆಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಳು. ಅತ್ತೆ ಬಾಗಿದ ಅಂಚು ಅವಳ ಕಡೆಗೆ ಬರುವಂತೆ ತಟ್ಟೆ ತಿರುಗಿಸಿ ನೀರು ಬಗ್ಗಿಸಿದರು. ಅವಳು ಬಾಯಿ ಹಾಕಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನೋಡಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ನೀರೆರೆದರು, ವಿಭೂತಿ, ಪತ್ರಿ, ಜಪ. ಅರ್ಧ ತಾಸಿನ ಪೂಜೆ. ಅಷ್ಟೂ ಹೊತ್ತು ಅವಳು ಕೂತೇ ಇದ್ದಳು. ತಟ್ಟೆಯ ನೀರು ಅಲುಗಲಿಲ್ಲ.

ಕಣ್ಣು ತೆರೆದ ಅತ್ತೆ ತುಂಬಿದ ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು.

“ಗಿರಿಜಾ, ಇವತ್ತ ಇಕಿ ನೀರಿಗಂತ ಬಂದಿಲ್ಲ.”

ಮಧ್ಯಾಹ್ನದೊಳಗೆ ಅತ್ತೆಯ ಮಡಿಲಲ್ಲೇ ಹೋದಳು. ಹಣೆಗೆ ವಿಭೂತಿ ಹಚ್ಚಿ ಹಿತ್ತಲಿನ ಕಣಗಿಲೆಯ ಬುಡದಲ್ಲಿ ಮಣ್ಣು ಮಾಡಿದೆವು. ಮಾಬೂಬಿ ಗೋಡೆಯಾಚೆ ಯಂತ್ರ ನಿಲ್ಲಿಸಿ ನಿಂತಿದ್ದಳು. ಅತ್ತೆ ಆಮೇಲೂ ಹಲವು ವರ್ಷ ಇದ್ದರು. ಆ ಬೆಳಗಿನ ವಿಷಯವನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಬೇಡವೆಂದರು. ಒಮ್ಮೆ ಡಂಗುರ ಹೊಡೆದು ಸಾಕಾಗಿತ್ತು ಅವರಿಗೆ. ಅವರಿಲ್ಲದ ಈಗ ಬರೆದಿಡುತ್ತಿದ್ದೇನೆ. ಅದು ಏನಿತ್ತು ಎಂದು ನನಗೆ ಗೊತ್ತಿಲ್ಲ. ಕಂಡಿದ್ದು ಇಷ್ಟು.

ಈಗ ಲಾರಿಗಳು ಅಷ್ಟಿಲ್ಲ, ಕಿಟಕಿಯ ಗಾಜು ಸುಮ್ಮನಿದೆ. ಅತ್ತೆಯ ತಟ್ಟೆಯಲ್ಲಿ ನಾನೇ ಪೂಜೆ ಮಾಡುತ್ತೇನೆ, ನೀರು ಕಣಗಿಲೆಗೆ ಹೋಗುತ್ತದೆ. ಅಡಿಗೆಮನೆಯ ಹೊಸ್ತಿಲ ಬಳಿ ಒಂದು ಬಟ್ಟಲು ನೀರು ಸದಾ ತೆರೆದೇ ಇರುತ್ತದೆ. ಮೊನ್ನೆ ಮಗಳು ಬಂದವಳು ಅಭ್ಯಾಸದಂತೆ ಅದರ ಮೇಲೊಂದು ತಟ್ಟೆ ಮುಚ್ಚಿದಳು.

“ಧೂಳು ಬೀಳ್ತೈತಲ್ಲವ್ವಾ.”

“ಬಿದ್ರ ಬೀಳ್ಲಿ ಬಿಡು” ಎಂದೆ, ತಟ್ಟೆ ತೆಗೆದಿಡುತ್ತ. “ಚೆಲ್ಲಿ ಬ್ಯಾರೆ ತುಂಬತೀನಿ.”